ನಡುಪಟ್ಟಿಯೂ ನಿಜವಾದ ವಿದ್ಯೆಯೂ

ಯಾವ ವಿದ್ಯೆಯನ್ನೇ ಆಗಲಿ, ಅದನ್ನು ಕಲಿಸುವವರು ಶಿಷ್ಯರಿಗೆ ಎರಡು ವಿಷಯಗಳಲ್ಲಿ ನಿಜವನ್ನು ಹೇಳಬೇಕಾದ ಋಣಕ್ಕೆ ಒಳಗಾಗಿರುತ್ತಾರೆ. ತಾವು ಕಲಿಸುತ್ತಿರುವುದು ಎಲ್ಲಿಂದ ಬಂದದ್ದು ಎಂಬುದು ಒಂದು. ಶಿಷ್ಯನು ಅದರಲ್ಲಿ ಎಷ್ಟು ದೂರ ಬಂದಿದ್ದಾನೆ ಎಂಬುದು ಇನ್ನೊಂದು. ಸಂಗೀತದ ಮೇಷ್ಟರಿಗೂ ವ್ಯಾಕರಣದ ಪಂಡಿತರಿಗೂ ಸಲ್ಲುವ ಮಾತೇ ಇದು. ಆದರೆ ಮೈಯಿಂದ ಕಲಿಯಬೇಕಾದ ವಿದ್ಯೆಗಳಲ್ಲಿ ಈ ಋಣ ತೀರಿತೋ ಇಲ್ಲವೋ ಎಂಬುದು ಬೇಗ ಬಯಲಾಗುತ್ತದೆ. ಕೊರಿಯ ದೇಶದ ಟೇಕ್ವಾಂಡೋ ಶಾಲೆಗಳ ಕಥೆ ಈ ದೃಷ್ಟಿಯಿಂದ ವಿಚಾರಯೋಗ್ಯವಾದದ್ದು. ಬಿಳಿಯ ಉಡುಪು ತೊಟ್ಟು, ಬಣ್ಣದ ನಡುಪಟ್ಟಿ ಬಿಗಿದು, ಕಾಲೆತ್ತಿ ಒದೆಯುವುದನ್ನು ಕಲಿಯುವ ಮಕ್ಕಳು ಈಗ ಬೆಂಗಳೂರಿನಲ್ಲಿಯೂ ಇದ್ದಾರಾಗಿ, ಈ ವಿಚಾರ ನಮಗೆ ತೀರ ಹೊರಗಿನದೂ ಅಲ್ಲ.

ಕೊರಿಯದವರು ತಮ್ಮ ಗರಡಿಮನೆಯನ್ನು ‘ದೊಜಾಂಗ್’ ಎನ್ನುತ್ತಾರೆ; ಮಾರ್ಗವನ್ನು ಅಭ್ಯಾಸಮಾಡುವ ಸ್ಥಳ ಎಂದು ಅದರ ಅರ್ಥ. ಶಾಲೆಯ ಯಜಮಾನನು ‘ಗ್ವಾನ್‌ಜಾಂಗ್’, ಪಾಠ ಹೇಳುವವನು ‘ಸಾಬೊಮ್’. ಒಳಕ್ಕೆ ಕಾಲಿಡುವಾಗ ತಲೆಬಾಗಿ ವಂದಿಸಬೇಕು. ಹಿರಿಯರು ಮುಂದಿನ ಸಾಲಿನಲ್ಲಿ, ಕಿರಿಯರು ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ‘ಹಾನಾ, ದೂಲ್, ಸೇತ್’ ಎಂದು ಎಣಿಕೆ ಕೇಳಿದಂತೆ ಒಂದೇ ಒದೆತವನ್ನು ನೂರಾರು ಸಲ ತಿದ್ದಿಕೊಳ್ಳಬೇಕು. ಪಾಠಕ್ಕೆ ಮುಖ್ಯವಾಗಿ ಮೂರು ಅಂಗಗಳು: ಕಲ್ಪಿತ ಎದುರಾಳಿಯೊಡನೆ ಗೊತ್ತಾದ ಕ್ರಮದಲ್ಲಿ ಆಡುವ ‘ಪೂಮ್ಸೆ’, ನಿಜವಾದ ಜೋಡಿಯೊಡನೆ ಸೆಣಸುವ ‘ಕ್ಯೊರುಗಿ’, ಹಲಗೆ ಮುರಿಯುವ ‘ಕ್ಯೊಕ್‌ಪಾ’. ಮೊದಲನೆಯದು ಶಿಸ್ತನ್ನೂ, ಎರಡನೆಯದು ಸಮಯೋಚಿತ ಬುದ್ಧಿಯನ್ನೂ, ಮೂರನೆಯದು ಏಕಾಗ್ರವಾದ ಬಲವನ್ನೂ ಕಲಿಸಬೇಕೆಂಬುದು ಉದ್ದೇಶ. ವ್ಯವಸ್ಥೆ ಒಳ್ಳೆಯದೇ. ಆದರೆ ಅದನ್ನು ನಡೆಸುವ ಗುರುವಿನ ಮಾತು ನಂಬತಕ್ಕದ್ದೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಮೊದಲು ವಿದ್ಯೆಯ ಮೂಲದ ವಿಷಯ. ಕೊರಿಯ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನರಳಿದ ದೇಶ. ಇಂದಿನ ಟೇಕ್ವಾಂಡೋವಿನ ತಾಯಿಬೇರುಗಳಾದ ಶಾಲೆಗಳು ಆ ಆಳ್ವಿಕೆಯ ಕೊನೆಗಾಲದಲ್ಲಿಯೂ ಬಿಡುಗಡೆಯ ಹೊಸತರಲ್ಲಿಯೂ ಹುಟ್ಟಿದವು. 1944ರಲ್ಲಿ ಸಿಯೋಲಿನಲ್ಲಿ ‘ಚುಂಗ್ ದೊ ಕ್ವಾನ್’ ತೆರೆದ ಲೀ ವೊನ್-ಕುಕ್ ಅವರೂ, ಅದೇ ವರ್ಷ ಕೇಸಾಂಗ್ ಪಟ್ಟಣದಲ್ಲಿ ‘ಸೊಂಗ್ ಮೂ ಕ್ವಾನ್’ ತೆರೆದ ರೋ ಬ್ಯುಂಗ್-ಜಿಕ್ ಅವರೂ ಜಪಾನಿನಲ್ಲಿ ಓದುತ್ತಿದ್ದಾಗ ಕರಾಟೆಯ ಆಚಾರ್ಯ ಫುನಾಕೋಶಿ ಗಿಚಿನ್ ಅವರಲ್ಲಿ ಕಲಿತವರು. 1946ರಲ್ಲಿ ಸಿಯೋಲಿನ ವೈ.ಎಂ.ಸಿ.ಎ.ಯಲ್ಲಿ ಪಾಠ ಆರಂಭಿಸಿದ ಯೂನ್ ಬ್ಯುಂಗ್-ಇನ್ ಅವರು ಮಂಚೂರಿಯದಲ್ಲಿ ಚೀನೀ ಮುಷ್ಟಿವಿದ್ಯೆಯನ್ನೂ ಜಪಾನಿನಲ್ಲಿ ಕರಾಟೆಯನ್ನೂ ಅಭ್ಯಾಸಮಾಡಿದ್ದರು. ಆ ದಿನಗಳ ಶಾಲೆಗಳಲ್ಲಿ ನಡೆಯುತ್ತಿದ್ದ ಪಾಠಕ್ರಮಗಳೂ ಬಹುಮಟ್ಟಿಗೆ ಕರಾಟೆಯವೇ. ಜಪಾನೀಯರು ‘ಪಿನಾನ್’ ಎನ್ನುತ್ತಿದ್ದುದನ್ನು ಇವರು ‘ಪ್ಯೊಂಗಾನ್’ ಎಂದು ತಮ್ಮ ಉಚ್ಚಾರಕ್ಕೆ ಒಗ್ಗಿಸಿಕೊಂಡರು, ಅಷ್ಟೇ.

‘ಟೇಕ್ವಾಂಡೋ’ ಎಂಬ ಹೆಸರು ಹುಟ್ಟಿದ್ದು 1955ರಲ್ಲಿ. ಅದಕ್ಕೆ ಕಾರಣಪುರುಷರಾದ ಸೇನಾಧಿಕಾರಿ ಚೋಯ್ ಹಾಂಗ್-ಹಿ ಅವರೂ ಜಪಾನಿನಲ್ಲಿ ಕರಾಟೆ ಕಲಿತವರೇ. ಬೇರೆಬೇರೆ ಶಾಲೆಗಳು ಒಂದೇ ಹೆಸರನ್ನು ಒಪ್ಪಿಕೊಳ್ಳಲು ಇನ್ನೂ ಹತ್ತು ವರ್ಷ ಹಿಡಿಯಿತು. 1961ರಲ್ಲಿ ರಾಷ್ಟ್ರೀಯ ಸಂಘವು ‘ಟೇಸುದೋ’ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿತ್ತು; 1965ರಲ್ಲಿ ಟೇಕ್ವಾಂಡೋ ಎಂಬ ಹೆಸರಿಗೆ ಮರಳಿತು.

ಹೀಗಿದ್ದರೂ ಅನೇಕ ಶಾಲೆಗಳ ಪ್ರಚಾರಪತ್ರಗಳನ್ನು ತೆರೆದರೆ ಕಾಣುವುದು ಬೇರೆಯೇ ಕಥೆ. ಅದರ ಪ್ರಕಾರ ಈ ವಿದ್ಯೆಗೆ ಎರಡು ಸಾವಿರ ವರ್ಷಗಳ ವಯಸ್ಸು. ಗೊಗುರ್ಯೊ ರಾಜ್ಯದ ಗೋರಿಗಳ ಗೋಡೆಚಿತ್ರಗಳಲ್ಲಿ ಅದರ ಭಂಗಿಗಳಿವೆ. ಸಿಲ್ಲಾ ರಾಜ್ಯದ ‘ಹ್ವಾರಾಂಗ್’ ತರುಣರಿಂದ ಅದು ಅವಿಚ್ಛಿನ್ನವಾಗಿ ಹರಿದುಬಂದಿದೆ. 1995ರಲ್ಲಿ ಸ್ಟೀವನ್ ಕೇಪ್ನರ್ ಎಂಬ ವಿದ್ವಾಂಸರು ‘ಕೊರಿಯ ಜರ್ನಲ್’ ಪತ್ರಿಕೆಯಲ್ಲಿ ಈ ಕಥೆಯನ್ನು ವಿಮರ್ಶಿಸಿ, ಟೇಕ್ವಾಂಡೋವಿನ ಮೂಲ ಜಪಾನೀ ಕರಾಟೆಯಲ್ಲಿದೆಯೆಂದು ವಾದಿಸಿದರು. ಅನಂತರ ಬೇರೆ ಸಂಶೋಧಕರೂ ಅದೇ ದಾರಿಯಲ್ಲಿ ನಡೆದಿದ್ದಾರೆ.

ಮೂಲವನ್ನು ಮರೆಮಾಡಿದವರನ್ನು ಕಟುವಾಗಿ ನಿಂದಿಸಲು ನನಗೆ ಮನಸ್ಸಾಗದು. ತಮ್ಮ ಹೆಸರುಗಳನ್ನೇ ಜಪಾನೀ ರೀತಿಗೆ ಬದಲಾಯಿಸಿಕೊಳ್ಳಬೇಕಾದ ಒತ್ತಾಯವನ್ನು 1940ರಲ್ಲಿ ಕಂಡ ಜನ ಅವರು. ಮೈಮೇಲಿನ ಗಾಯ ಆರುವ ಮೊದಲೇ, ‘ನಾವು ಕಲಿಸುತ್ತಿರುವುದು ಹೊಡೆದವರಿಂದ ಕಲಿತ ವಿದ್ಯೆ’ ಎಂದು ಒಪ್ಪಿಕೊಳ್ಳುವುದು ಯಾವ ಜನಾಂಗಕ್ಕೆ ತಾನೆ ಸುಲಭ? ಆದರೆ ಒಂದು ತಲೆಮಾರಿನ ಸಂಕಟದಿಂದ ಹುಟ್ಟಿದ ಮೌನವನ್ನು ಮುಂದಿನ ತಲೆಮಾರಿನವರು ಶಾಸ್ತ್ರವೆಂದು ಕಲಿಸತೊಡಗಿದಾಗ ಕೆಡಕು ಆರಂಭವಾಗುತ್ತದೆ. ನಿಜವಾದ ಸಾಧನೆಯ ಕೀರ್ತಿಯೂ ಇದರಿಂದ ಮುಚ್ಚಿಹೋಗುತ್ತದೆ. ಎರವಲು ತಂದ ವಿದ್ಯೆಯಲ್ಲಿ ಕೈಯ ಪ್ರಾಧಾನ್ಯವನ್ನು ಕಡಮೆಮಾಡಿ ಕಾಲಿಗೆ ಹಿರಿತನ ಕೊಟ್ಟು, ಎತ್ತರದ ಒದೆತವನ್ನೂ ತಿರುಗು ಒದೆತವನ್ನೂ ಸೊಗಸಿನ ತುದಿಗೆ ಒಯ್ದು, ಕೆಲವೇ ದಶಕಗಳಲ್ಲಿ ಅದನ್ನು ಬೇರೆಯೇ ಒಂದು ವಿದ್ಯೆಯಾಗಿ ಮಾಡಿದವರು ಕೊರಿಯದ ಗುರುಗಳು. ಇದೆಲ್ಲ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತೆಂದು ಹೇಳಿದರೆ ಆ ಗುರುಗಳಿಗೆ ಉಳಿಯುವ ಕೀರ್ತಿಯೇನು?

ಇದಕ್ಕೆ ಉತ್ತರವೂ ಕೊರಿಯದ ಹಳೆಯ ಗ್ರಂಥವೊಂದರಲ್ಲಿಯೇ ಇದೆ. ಜೊಂಗ್‌ಜೊ ದೊರೆಯ ಅಪ್ಪಣೆಯಂತೆ 1790ರಲ್ಲಿ ಸಿದ್ಧವಾದ ‘ಮೂಯೆ ದೊಬೊ ತೊಂಗ್‌ಜಿ’ ಇಪ್ಪತ್ತನಾಲ್ಕು ಯುದ್ಧವಿದ್ಯೆಗಳನ್ನು ಚಿತ್ರಸಹಿತವಾಗಿ ವಿವರಿಸುವ ಗ್ರಂಥ. ಅದರಲ್ಲಿ ಚೀನಾದ ಮಿಂಗ್ ಸೇನಾಪತಿ ಚಿ ಜಿಗುವಾಂಗನ ಗ್ರಂಥದಿಂದ ಬಂದ ಮುಷ್ಟಿಯುದ್ಧವಿದೆ. ಜಪಾನಿನ ಕತ್ತಿವರಸೆಯೂ ಇದೆ. 1592ರಿಂದ 1598ರವರೆಗೆ ಜಪಾನೀಯರ ದಂಡಯಾತ್ರೆಗೆ ತುತ್ತಾಗಿ ಹಾಳಾದ ನಾಡು ಅದು. ಆದರೂ ಗ್ರಂಥಕರ್ತರು ಶತ್ರುವಿನ ಕತ್ತಿವರಸೆಯನ್ನು ‘ಜಪಾನಿನ ಕತ್ತಿ’ ಎಂದೇ ಕರೆದು ಸೇರಿಸಿದರು. ತಾವು ಆಧರಿಸಿದ ಗ್ರಂಥಗಳ ಪಟ್ಟಿಯನ್ನೂ ಕೊಟ್ಟರು. ಇಂದಿನ ಶಾಲೆ ಯಾವುದಾದರೂ ಪ್ರಾಚೀನರನ್ನು ಅನುಸರಿಸಬೇಕೆಂದಿದ್ದರೆ ಅನುಸರಿಸಬೇಕಾದದ್ದು ಈ ಪ್ರಾಮಾಣಿಕತೆಯನ್ನು.

ಕೊರಿಯದಲ್ಲಿ ನಿಜವಾಗಿಯೂ ಹಳೆಯದಾದ ಕಾಲಿನ ವಿದ್ಯೆಯೊಂದು ಇಲ್ಲವೆಂದಲ್ಲ. ಅದರ ಹೆಸರು ‘ಟೆಕ್ಯೊನ್’. ಕುಣಿತದಂತೆ ತೂಗಾಡುವ ಹೆಜ್ಜೆ, ಎದುರಾಳಿಯನ್ನು ತೊಡರಿಸಿ ಬೀಳಿಸುವ ಕಾಲು ಇದರ ಲಕ್ಷಣ. 1893ರಲ್ಲಿ ಹುಟ್ಟಿ 1987ರಲ್ಲಿ ತೀರಿಕೊಂಡ ಸೊಂಗ್ ದೊಕ್-ಗಿ ಎಂಬ ವೃದ್ಧರು ಇದನ್ನು ಜಪಾನೀ ಆಳ್ವಿಕೆಯ ಕಾಲವನ್ನೆಲ್ಲ ದಾಟಿಸಿ ತಂದರು. 1983ರಲ್ಲಿ ಸರ್ಕಾರ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಗುರುತಿಸಿತು. 2011ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿತು. ಆ ಮುದುಕರ ಸುತ್ತ ದೊಡ್ಡ ಸಂಸ್ಥೆ ಇರಲಿಲ್ಲ. ತಾವು ಯಾರಿಂದ ಕಲಿತೆವು, ಏನನ್ನು ಕಲಿತೆವು ಎಂಬುದನ್ನು ಅವರು ಹೇಳಬಲ್ಲವರಾಗಿದ್ದರು. ಅಳಿದುಹೋಗುತ್ತಿದ್ದ ವಿದ್ಯೆಯೊಂದು ಉಳಿಯಲು ಅಷ್ಟು ಸಾಕಾಯಿತು.

ಇನ್ನು ಎರಡನೆಯ ಋಣದ ವಿಷಯ. ಶಿಷ್ಯನ ಮಟ್ಟವನ್ನು ನಡುಪಟ್ಟಿಯಿಂದ ತೋರಿಸುವ ಪದ್ಧತಿ ಜಪಾನಿನ ಜೂಡೋದಿಂದ ಬಂದದ್ದು. ಅದರ ಸ್ಥಾಪಕ ಕಾನೊ ಜಿಗೊರೊ ಅವರು 1883ರಲ್ಲಿ ಮೊದಲ ಸಲ ತಮ್ಮ ಶಿಷ್ಯರಿಗೆ ‘ದಾನ್’ ದರ್ಜೆ ಕೊಟ್ಟರು. ದಾನ್ ಎಂದರೆ ಮೆಟ್ಟಿಲು. ಕಪ್ಪು ಪಟ್ಟಿಯೊಡನೆ ದೊರೆಯುವುದು ಮೊದಲನೆಯ ಮೆಟ್ಟಿಲು ಮಾತ್ರ. ಅಕ್ಷರಮಾಲೆ ಮುಗಿಯಿತು, ಇನ್ನು ಓದು ಆರಂಭವಾಗಲಿ ಎಂಬಷ್ಟೇ ಅದರ ಅರ್ಥ. ಹೊರಗಿನ ಲೋಕ ಅದನ್ನು ಪಾಂಡಿತ್ಯದ ಶಿಖರವೆಂದು ತಿಳಿದುಕೊಂಡಿದೆ. ಆ ತಪ್ಪು ತಿಳಿವಳಿಕೆಯಿಂದ ಆದಾಯವುಂಟಾದ್ದರಿಂದ ತಿದ್ದಬೇಕಾದವರೂ ಅನೇಕ ವೇಳೆ ಸುಮ್ಮನಿದ್ದಾರೆ.

ಸಿಯೋಲಿನಲ್ಲಿ 1972ರಲ್ಲಿ ಕಟ್ಟಿದ ‘ಕುಕ್ಕಿವೊನ್’ ಸಂಸ್ಥೆ ಇಂದು ಲೋಕದ ನಾನಾ ಭಾಗಗಳಿಗೆ ದಾನ್ ಪ್ರಮಾಣಪತ್ರಗಳನ್ನು ಕೊಡುತ್ತದೆ. ಅದರ ನಿಯಮಗಳು ಸಡಿಲವೇನಲ್ಲ. ಮೊದಲನೆಯ ದಾನ್‌ನಿಂದ ಎರಡನೆಯದಕ್ಕೆ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ಹದಿನೈದು ವರ್ಷ ತುಂಬದ ಮಕ್ಕಳಿಗೆ ದಾನ್ ಬದಲಿಗೆ ‘ಪೂಮ್’ ಎಂಬ ದರ್ಜೆ. ಅವರ ಪಟ್ಟಿ ಅರ್ಧ ಕೆಂಪು, ಅರ್ಧ ಕಪ್ಪು. ಪಾಠ ಕಲಿತಿದ್ದರೂ ಹರೆಯದ ಬಲವೂ ವಿವೇಕವೂ ಇನ್ನೂ ಬರಬೇಕಾಗಿದೆ ಎಂದು ಆ ಎರಡು ಬಣ್ಣಗಳೇ ಹೇಳುತ್ತವೆ. ಮಗುವಿಗೆ ಉತ್ಸಾಹವೂ ಭಂಗವಾಗದಂತೆ, ಸುಳ್ಳೂ ಆಡದಂತೆ ಮಾಡಿರುವ ಈ ಏರ್ಪಾಡು ನಿಜಕ್ಕೂ ಜಾಣತನದ್ದು.

ಆದರೆ ಕೊರಿಯದ ಹೊರಗೆ ಹೆಚ್ಚಾಗಿ ನಡೆಯುವುದು ಹೀಗೆ: ನಾಲ್ಕನೆಯ ದಾನ್ ಅಥವಾ ಅದಕ್ಕೂ ಮೇಲಿನ ಗುರುವು ತನ್ನ ಶಿಷ್ಯನನ್ನು ತಾನೇ ಪರೀಕ್ಷಿಸಿ ಶಿಫಾರಸು ಕಳುಹಿಸುತ್ತಾನೆ, ಕುಕ್ಕಿವೊನ್ ಪ್ರಮಾಣಪತ್ರ ಕೊಡುತ್ತದೆ. ಸಿಯೋಲಿನವರು ಆ ಶಿಷ್ಯನ ಒದೆತವನ್ನು ಕಂಡವರಲ್ಲ. ಮುದ್ರೆ ಅವರದು, ಮಾತು ಗುರುವಿನದು. ಕಲಿಸಿದವನೇ ಪರೀಕ್ಷಕ, ಪರೀಕ್ಷಕನೇ ಶುಲ್ಕ ಪಡೆಯುವವನು ಎಂದಾದಾಗ ಗುರುವಿನ ಆತ್ಮಸಾಕ್ಷಿಯೊಂದೇ ತಡೆಗೋಡೆಯಾಗಿ ಉಳಿಯುತ್ತದೆ. ಆ ಗೋಡೆ ಕುಸಿದಲ್ಲೆಲ್ಲ ಪರೀಕ್ಷೆಗಳ ಸಂಖ್ಯೆ ಹೆಚ್ಚುತ್ತದೆ; ಪಟ್ಟಿಯ ಬಣ್ಣಗಳು ಹೆಚ್ಚುತ್ತವೆ; ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಗೀಟು ಹಾಕಿದ ಪಟ್ಟಿಗಳೂ ಬರುತ್ತವೆ; ಯಾರೂ ಅನುತ್ತೀರ್ಣರಾಗುವುದಿಲ್ಲ.

ಇದು ನಮ್ಮ ಕಾಲದ ಹೊಸ ಶೋಧನೆಯೆಂದು ತಿಳಿಯಬೇಕಾಗಿಲ್ಲ. ಚೋಯ್ ಹಾಂಗ್-ಹಿ ಅವರು ತಮ್ಮ ಪಂಥದ ಐದು ಶೀಲಗಳಲ್ಲಿ ಒಂದನ್ನು ‘ಯೊಮ್‌ಚಿ’ ಎಂದರು. ತಪ್ಪು ಮಾಡಲು ನಾಚುವ ಗುಣ ಎಂಬುದು ಆ ಮಾತಿನ ತಿರುಳು. ಅದಕ್ಕೆ ವಿರುದ್ಧವಾದ ನಡತೆಗಳನ್ನು ಎಣಿಸುವಾಗ, ತನ್ನನ್ನೂ ತನ್ನ ವಿದ್ಯೆಯನ್ನೂ ಇಲ್ಲದ್ದಾಗಿ ತೋರಿಸುವ ಗುರುವನ್ನೂ, ಹಲಗೆಯನ್ನು ಮೊದಲೇ ಸಡಿಲಮಾಡಿಟ್ಟುಕೊಳ್ಳುವ ಶಿಷ್ಯನನ್ನೂ, ದರ್ಜೆಯನ್ನು ಹಣಕೊಟ್ಟು ಕೊಳ್ಳಲು ಹೊರಡುವವನನ್ನೂ, ಹಣಕ್ಕಾಗಿಯೇ ಪಾಠ ಹೇಳುವವನನ್ನೂ ಅವರು ಸೇರಿಸಿದರು. ರೋಗವನ್ನು ಅವರು ಬಲ್ಲವರಾಗಿದ್ದರು.

ಶಾಲೆ ನಡೆಸುವವರ ಪಕ್ಷದಿಂದಲೂ ಒಂದು ಮಾತಿದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕಟ್ಟಡಕ್ಕೆ ಬಾಡಿಗೆ ಕೊಡಬೇಕು. ಕೊರಿಯದಲ್ಲಿಯೂ ಇಂದು ದೊಜಾಂಗಿಗೆ ಬರುವವರಲ್ಲಿ ಬಹುಮಂದಿ ಪ್ರಾಥಮಿಕ ಶಾಲೆಯ ಮಕ್ಕಳು. ತಿಂಗಳುಗಟ್ಟಲೆ ಏನೂ ದೊರೆಯದಿದ್ದರೆ ಅವರು ಬೇಸತ್ತು ಬಿಟ್ಟುಹೋಗುತ್ತಾರೆ. ಸಣ್ಣ ಪ್ರೋತ್ಸಾಹದಿಂದ ಮಗು ಅಭ್ಯಾಸಕ್ಕೆ ಅಂಟಿಕೊಂಡರೆ ಕೆಟ್ಟದ್ದೇನು? ಕೆಟ್ಟದ್ದೇನೂ ಇಲ್ಲ, ಪ್ರೋತ್ಸಾಹವನ್ನು ಪ್ರೋತ್ಸಾಹವೆಂದೇ ಕರೆದರೆ ಸಾಕು. ‘ನೀನು ಶ್ರಮಪಟ್ಟಿದ್ದೀಯೆ, ಅದಕ್ಕೆ ಈ ಗುರುತು’ ಎಂದು ಹೇಳುವುದು ಬೇರೆ. ‘ನೀನು ಈಗ ನಿನ್ನನ್ನು ರಕ್ಷಿಸಿಕೊಳ್ಳಬಲ್ಲೆ’ ಎಂದು ಹೇಳುವುದು ಬೇರೆ. ಎರಡನೆಯ ಮಾತನ್ನು ನಂಬಿದ ಮಗು ಓಡಬೇಕಾದ ಹೊತ್ತಿನಲ್ಲಿ ನಿಂತುಬಿಟ್ಟರೆ ಪೆಟ್ಟು ತಿನ್ನುವುದು ಗುರುವಲ್ಲ. ವ್ಯಾಕರಣದಲ್ಲಿ ಸುಳ್ಳು ಅಂಕ ಕೊಟ್ಟರೆ ಹುಡುಗ ತಪ್ಪು ವಾಕ್ಯ ಬರೆದಾನು. ಇಲ್ಲಿ ಕೊಟ್ಟರೆ ಅದು ಮೈಗೆ ಮುಟ್ಟುತ್ತದೆ.

ಪರೀಕ್ಷೆ ಹೇಗೋ ಪಾಠವೂ ಹಾಗೆಯೇ ಆಗುತ್ತದೆ ಎಂಬುದಕ್ಕೆ ಈ ವಿದ್ಯೆಯ ಕ್ರೀಡಾರೂಪವೇ ಸಾಕ್ಷಿ. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನದ ಆಟವಾಗಿದ್ದ ಟೇಕ್ವಾಂಡೋ 2000ದಲ್ಲಿ ಸಿಡ್ನಿಯಲ್ಲಿ ಪದಕದ ಆಟವಾಯಿತು. ತೀರ್ಪುಗಾರರ ಕಣ್ಣನ್ನು ಕುರಿತು ಜಗಳಗಳೆದ್ದ ಮೇಲೆ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಒದೆತವನ್ನು ತಾನೇ ಗುರುತಿಸುವ ವಿದ್ಯುತ್ ಕವಚ ಬಂತು. ಪಕ್ಷಪಾತ ತಗ್ಗಿತು, ನಿಜ. ಆದರೆ ಕವಚಕ್ಕೆ ಮುಟ್ಟಿದರಾಯಿತು ಎಂದಾದಾಗ, ಮುಂಗಾಲನ್ನು ಎತ್ತಿಹಿಡಿದು ಕತ್ತಿಯಂತೆ ಚುಚ್ಚಾಡುವ ಆಟ ಬೆಳೆಯಿತು. ಶಾಲೆಗಳೂ ಅದನ್ನೇ ಕಲಿಸತೊಡಗಿದವು. ಇಡೀ ಮೈಯನ್ನು ತಿರುಗಿಸಿ ಒದೆಯುವ ಹಳೆಯ ಸೊಗಸು ಹಿಂದೆ ಸರಿಯಿತೆಂದು ಬಲ್ಲವರು ಕೊರಗಿದರು. ಅಂಕಕ್ಕಾಗಿ ಓದುವ ನಮ್ಮ ವಿದ್ಯಾರ್ಥಿಗಳ ಸ್ಥಿತಿಯನ್ನು ಬಲ್ಲ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಒಳ್ಳೆಯ ಶಾಲೆಯನ್ನು ಗುರುತಿಸುವುದು ಹೇಗೆ? ಗುರುವನ್ನು ಕೇಳಬೇಕಾದ ಪ್ರಶ್ನೆಗಳು ಮೂರೇ. ‘ನೀವು ಯಾರಲ್ಲಿ ಕಲಿತಿರಿ, ಅವರು ಯಾರಲ್ಲಿ ಕಲಿತರು?’ ಎಂಬುದು ಮೊದಲನೆಯದು. ನಾಲ್ಕೈದು ಹೆಸರು ಹಿಂದಕ್ಕೆ ಹೋದರೆ ಈ ವಿದ್ಯೆಯ ನಿಜವಾದ ಚರಿತ್ರೆ ತಾನಾಗಿ ಬಯಲಾಗುತ್ತದೆ. ‘ಕಳೆದ ಪರೀಕ್ಷೆಯಲ್ಲಿ ಎಷ್ಟು ಮಂದಿ ಉಳಿದುಕೊಂಡರು? ಅವರಿಗೆ ಅನಂತರ ಏನು ಕಲಿಸಿದಿರಿ?’ ಎಂಬುದು ಎರಡನೆಯದು. ಅನುತ್ತೀರ್ಣನಾದವನನ್ನು ಅವಮಾನಿಸದೆ, ಕೈಹಿಡಿದು ಮತ್ತೆ ತಿದ್ದುವ ಶಾಲೆಯಲ್ಲಿ ಉತ್ತೀರ್ಣನಾದವನ ಪಟ್ಟಿಗೂ ಬೆಲೆಯಿರುತ್ತದೆ. ‘ನನ್ನ ಮಗುವಿಗೆ ಇನ್ನೂ ಬಾರದಿರುವುದು ಯಾವುದು?’ ಎಂಬುದು ಮೂರನೆಯದು. ಇದಕ್ಕೆ ತಡವಿಲ್ಲದೆ, ವಿವರವಾಗಿ ಉತ್ತರ ಹೇಳಬಲ್ಲ ಗುರು ಆ ಮಗುವನ್ನು ನೋಡಿದ್ದಾನೆಂದು ಅರ್ಥ.

ಬಿಳಿಯ ಪಟ್ಟಿ ಬಳಸಿ ಕೊಳೆಯಾಗಿ ಕಪ್ಪಾಗುತ್ತದೆ, ಕಪ್ಪು ಪಟ್ಟಿ ಸವೆದು ಮತ್ತೆ ಬಿಳಿಯಾಗುತ್ತದೆ ಎಂದು ಈ ಶಾಲೆಗಳಲ್ಲಿ ಹೇಳುವ ವಾಡಿಕೆಯುಂಟು. ಚರಿತ್ರೆಯಾಗಿ ಅದು ನಿಲ್ಲದ ಮಾತು, ಉಪದೇಶವಾಗಿ ಸೊಗಸಾದದ್ದು. ಅದನ್ನು ಹೇಳುವ ಗುರು, ‘ಇದು ಕಥೆ’ ಎಂಬುದನ್ನೂ ಜೊತೆಗೇ ಹೇಳಿದರೆ ಶಿಷ್ಯನು ಕಥೆಯನ್ನೂ ಸವಿಯುತ್ತಾನೆ, ಗುರುವನ್ನೂ ನಂಬುತ್ತಾನೆ. ಮೈಮೇಲೆ ಪೆಟ್ಟು ಬೀಳಬಹುದಾದ ವಿದ್ಯೆಯನ್ನು ಕಲಿಸುವವರಿಂದ ಶಿಷ್ಯನು ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.