ಕೆರೆಗೂ ಹರೀಮ್ ಉಂಟು

ನೀರಿನ ಸುತ್ತಲಿನ ನೆಲವನ್ನು ಕಾಯದೆ ನೀರನ್ನು ಮಾತ್ರ ಕಾಯಲಾಗದು. ಆ ನೆಲಕ್ಕೆ ಇಸ್ಲಾಮೀ ಕರ್ಮಶಾಸ್ತ್ರವು ‘ಹರೀಮ್’ ಎಂಬ ಹೆಸರಿಟ್ಟಿದೆ. ಅತಿಕ್ರಮಿಸಬಾರದ ನೆಲವೆಂದು ಅದರ ಅರ್ಥ. ಬಾವಿ ತೋಡಿದವನಿಗೆ, ಜಾನುವಾರುಗಳು ತಂಗಲೆಂದು, ಸುತ್ತ 40 ಮೊಳ ನೆಲ ಸಲ್ಲುತ್ತದೆ ಎಂಬ ಪ್ರವಾದಿವರ್ಯರ(ಸ) ತೀರ್ಪನ್ನು ಇಬ್ನು ಮಾಜಃ ವರದಿ ಮಾಡಿದ್ದಾರೆ. 40 ಮೊಳವೆಂದರೆ ಸುಮಾರು 18 ಮೀಟರ್. ಮರುನಾಡಿನ ಒಂದು ಬಾವಿಗೆ ಸಂದ ಗೌರವವಿದು.

ನಮ್ಮ ನಾಡಿನ ಕೆರೆಗೆ ಸಲ್ಲುವುದೆಷ್ಟು? 2014ರ ಕೆರೆ ಸಂರಕ್ಷಣಾ ಕಾಯ್ದೆಯು ಕೆರೆಯಂಚಿನಿಂದ 30 ಮೀಟರ್ ಒಳಗೆ ಕಟ್ಟಡಗಳನ್ನು ನಿಷೇಧಿಸಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲವು ಅಂಗೀಕರಿಸಿದ ತಿದ್ದುಪಡಿ ವಿಧೇಯಕವು ಈ ಬಫರ್ ವಲಯವನ್ನು ಕುಗ್ಗಿಸುವಂಥದ್ದು. 5 ಗುಂಟೆವರೆಗಿನ ಕೆರೆಗೆ ಏನೂ ಇಲ್ಲ. ಒಂದು ಎಕರೆವರೆಗೆ 3 ಮೀಟರ್, 10 ಎಕರೆವರೆಗೆ 6, 25ರವರೆಗೆ 12, 100ರವರೆಗೆ 24 ಮೀಟರ್. ವಿಧೇಯಕದಂತೆ ಹಳೆಯ 30 ಮೀಟರ್ ಉಳಿಯುವುದು 100 ಎಕರೆ ಮೀರಿದ ಕೆರೆಗಳಿಗೆ ಮಾತ್ರ. ಅಂದು ಬಾವಿಗೆ ಸಂದುದರಲ್ಲಿ ಆರನೆಯ ಒಂದು ಪಾಲು ಈ ವಿಧೇಯಕದಲ್ಲಿ ಎಕರೆ ಕೆರೆಗೆ!

ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಅಳತೆ ಏಕೆಂದು ಸಮರ್ಥಕರು ಕೇಳಬಹುದು. ಬೆಂಗಳೂರು ಗ್ರಾಮಾಂತರದಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಇಲ್ಲಿ ಕುಂಟೆ ತುಂಬಿ ಕಟ್ಟೆಗೆ, ಕಟ್ಟೆ ಕೋಡಿ ಹರಿದು ಕೆರೆಗೆ ನೀರು ಸೇರಬೇಕು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹೆಸರಘಟ್ಟಕ್ಕೆ ಸಾಗುವ ಅರ್ಕಾವತಿಯೂ ಕೆರೆಗಳ ಸಾಲನ್ನೇ ನಂಬಿದ ನದಿ. ಈ ಸರಪಳಿಯ ಮೊದಲ ಕೊಂಡಿಗೇ ರಕ್ಷಣೆಯಿಲ್ಲವಾದರೆ ಕೊನೆಯ ದೊಡ್ಡ ಕೆರೆಯ 30 ಮೀಟರ್ ಕಾಯುವುದು ಯಾವ ನೀರನ್ನು?

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಗುಂಟೆ ಲೆಕ್ಕದ ನೆಲ ಇಲ್ಲಿ ಚದರಡಿ ಲೆಕ್ಕಕ್ಕೆ ಬಂದಿದೆ. ಇಂತಹ ಕಡೆ ಬಿಟ್ಟುಕೊಟ್ಟ ಒಂದೊಂದು ಮೀಟರ್ ಯಾರ ಕೈಸೇರುವುದೆಂದು ವಿವರಿಸಬೇಕಾಗಿಲ್ಲ. ಕೆರೆಯಂಚಿನ ಬಡ ರೈತನ ಕಷ್ಟ ನಿಜ; ಅವನಿಗೆ ಪರಿಹಾರ ನೀಡುವುದು ಸರಕಾರದ ಹೊಣೆ. ಕೆರೆಯ ಪಾಲನ್ನು ಕಿತ್ತು ಹಂಚುವುದು ಪರಿಹಾರವಲ್ಲ.

ನೀರು, ಹುಲ್ಲು, ಬೆಂಕಿ ಇವು ಮೂರರಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅನ್ಯಾಯವಾಗಿ ಗೇಣು ನೆಲ ಕಬಳಿಸಿದವನ ಕೊರಳಿಗೆ ಪರಲೋಕದಲ್ಲಿ ಏಳು ಭೂಮಿಗಳ ಭಾರ ಬೀಳುವುದೆಂದೂ ಎಚ್ಚರಿಸಿದರು. ಈ ಎಚ್ಚರಿಕೆ ಬಿಲ್ಡರ್‌ಗಳಿಗಷ್ಟೇ ಅಲ್ಲ, ನಮಗೂ ಇದೆ. ಕೆರೆಯಂಗಳವನ್ನು ಒತ್ತಿ ಕಟ್ಟಿದ ಗೋಡೆಗೆ ಮಸೀದಿಯೆಂದು ಹೆಸರಿಟ್ಟರೂ ಒತ್ತುವರಿ ಒತ್ತುವರಿಯೇ. ಕಬಳಿಸಿದ ನೆಲದಲ್ಲಿ ಮಾಡಿದ ಸುಜೂದ್ ಆ ಪಾಪವನ್ನು ತೊಳೆಯದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ: 30 ಮೀಟರ್ ಎಲ್ಲ ಕೆರೆಗಳಿಗೂ ಉಳಿಯಲಿ, ಕುಂಟೆ, ಕಟ್ಟೆ, ರಾಜಕಾಲುವೆಗಳ ಸರ್ವೆಯಾಗಿ ಗಡಿಕಲ್ಲು ಬೀಳಲಿ. ಗ್ರಾಮಸಭೆಯಲ್ಲಿ ಈ ಮಾತು ಎತ್ತುವ ನೆರೆಯವರು ಯಾವ ಧರ್ಮದವರೇ ಆಗಿರಲಿ, ಜಮಾಅತ್‌ಗಳು ಅವರ ಬದಿಯಲ್ಲಿ ನಿಲ್ಲಲಿ. ಕೆರೆ ನಮ್ಮ ಆಸ್ತಿಯಲ್ಲ, ಮುಂದಿನವರ ಅಮಾನತ್. ಅಮಾನತ್ತನ್ನು ಅಳೆದು ಕಿರಿದುಗೊಳಿಸುವ ಅಧಿಕಾರ ಯಾವ ಸದನಕ್ಕೂ ಇಲ್ಲ.