ಥರ್ಡ್ ಪಾರ್ಟಿ ಸಾಕಾ? ಕಾರಿನ ರಿನೀವಲ್‌ಗೆ ಮುಂಚೆ ಒಂದು ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಜಿಎಸ್‌ಟಿ ಪೂರ್ತಿ ಹೋಯಿತು. ಆದರೆ ವಾಹನ ವಿಮೆಯ ಮೇಲಿನ ಶೇ. 18 ಮಾತ್ರ ಹಾಗೆಯೇ ಉಳಿಯಿತು. ಹಾಗಾಗಿ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ರಿನೀವಲ್ ಬಂದಾಗ ಕೇಳುವ ಹಳೆಯ ಪ್ರಶ್ನೆ ಬದಲಾಗಿಲ್ಲ: "ಮಗ ಗಲ್ಫಲ್ಲಿದ್ದಾನೆ, ಗಾಡಿ ಶೆಡ್ಡಲ್ಲೇ ಉಂಟು. ಬರೇ ಥರ್ಡ್ ಪಾರ್ಟಿ ಹಾಕಿದ್ರೆ ಸಾಕಲ್ವಾ?"

ಕಾನೂನಿಗೆ ಸಾಕು. ಅದೂ ಇಲ್ಲದಿದ್ದರೆ ಮೊದಲ ಸಲ 2,000 ರೂ. ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದರೆ ಥರ್ಡ್ ಪಾರ್ಟಿ ಇರುವುದು ಎದುರಿನವರಿಗೆ. ಅವರ ಸಾವು-ನೋವಿಗೆ ಕೋರ್ಟ್ ಹೇಳಿದಷ್ಟು, ಆಸ್ತಿ ನಷ್ಟಕ್ಕೆ 7.5 ಲಕ್ಷದವರೆಗೆ ಕಂಪೆನಿ ಕೊಡುತ್ತದೆ. ನಮ್ಮ ಕಾರಿನ ರಿಪೇರಿಗೆ ಒಂದು ಪೈಸೆ ಬರುವುದಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಖಾಸಗಿ ಕಾರಿನೊಳಗೆ ಕೂತವರಿಗೆ ಬರೇ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಕ್ಷಣೆ ಇಲ್ಲ, ಫುಲ್ ಪಾಲಿಸಿಯಲ್ಲಿ ಉಂಟು ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಸ್ಪಷ್ಟಪಡಿಸಿದೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಬಂದ ಮೇಲೆ ವೇಗವೂ ಹೆಚ್ಚಿದೆ. ಮಂಗಳೂರಿನ ಆಸ್ಪತ್ರೆಗೋ ಮದುವೆಗೋ ಹೊರಟ ಕಾರಿನಲ್ಲಿ ಉಮ್ಮ, ಮಕ್ಕಳು ಇರುತ್ತಾರೆ. ತಪ್ಪು ನಮ್ಮ ಚಾಲಕನದ್ದೇ ಆದರೆ ಪ್ರಶ್ನೆ ಬರೇ ಬಂಪರಿನದ್ದಲ್ಲ.

ಫುಲ್ ಇನ್ಶೂರೆನ್ಸ್ ಇದ್ದರೂ ಬಿಲ್ ಪೂರ್ತಿ ಸಿಗುವುದಿಲ್ಲ. ಮೂರೂವರೆ ವರ್ಷದ ಕಾರಿಗೆ 40,000 ರೂ. ಬಿಲ್ ಆಯಿತೆನ್ನಿ: ಪ್ಲಾಸ್ಟಿಕ್ ಭಾಗಗಳಿಗೆ 20,000, ಲೋಹದ ಭಾಗಗಳಿಗೆ 10,000, ಕೆಲಸದ ಕೂಲಿ 10,000. ಪ್ಲಾಸ್ಟಿಕ್‌ಗೆ ಸವಕಳಿ ಶೇ. 50, ಈ ವಯಸ್ಸಿನ ಕಾರಿನ ಲೋಹಕ್ಕೆ ಶೇ. 25. ಮೇಲಿಂದ 1500 ಸಿಸಿವರೆಗಿನ ಕಾರಿಗೆ 1,000 ರೂ. ಕಡ್ಡಾಯ ಕಡಿತ. ಕೈಯಿಂದ ಹೋಗುವುದು 13,500 ರೂ. 'ಝೀರೋ ಡೆಪ್' ಸೇರಿಸಿದ್ದರೆ ಬರೇ 1,000. ಹೊಸ ಕಾರಿಗೆ, ದಿನಾ ಓಡುವ ಕಾರಿಗೆ ಅದು ದುಬಾರಿಯಲ್ಲ.

ಪ್ರೀಮಿಯಂ ಕಡಿಮೆ ಮಾಡಲು ಕೆಲವರು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯನ್ನು, ಇಳಿಸುತ್ತಾರೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ. ಆಗ ಐದು ಲಕ್ಷದ ಕಾರಿಗೆ ನಾಲ್ಕು ಲಕ್ಷ ಬರೆಸಿದವನಿಗೆ ನಾಲ್ಕರ ಲೆಕ್ಕವೇ. ಉಳಿಸಿದ್ದು ಸಾವಿರ, ಕಳೆದದ್ದು ಲಕ್ಷ.

ಉಳಿಸಬೇಕಾದ ಜಾಗ ಬೇರೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಬೋನಸ್ ಶೇ. 20ರಿಂದ ಶುರುವಾಗಿ 50ರವರೆಗೆ ಏರುತ್ತದೆ. ಒಂದು ಕ್ಲೇಮ್‌ಗೆ ಅದು ಸೊನ್ನೆಯಾಗುತ್ತದೆ. ಮೂರು ಸಾವಿರದ ಗೀರಿಗೆ ಕ್ಲೇಮ್ ಹಾಕಿ ನಾಲ್ಕು ಸಾವಿರದ ಬೋನಸ್ ಕಳೆಯುವುದು ವ್ಯಾಪಾರವಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ಊರಿಗೆ ಬಂದ ಮೇಲೆ ಮಾಡುವಾ ಎಂದು ಕಾಯುವ ಗಲ್ಫಿನವರು ಇದನ್ನು ನೆನಪಿಡಬೇಕು.

ವಿಮೆಯ ಬಗ್ಗೆ ಧಾರ್ಮಿಕ ಸಂಕೋಚ ಇರುವವರೂ ನಮ್ಮಲ್ಲಿದ್ದಾರೆ. ಅದನ್ನು ತಮಾಷೆ ಮಾಡುವಂತಿಲ್ಲ. ವಾಣಿಜ್ಯ ವಿಮೆ ಅನುಮತಿಸಲ್ಪಟ್ಟದ್ದಲ್ಲ, ಸಹಕಾರಿ ವಿಮೆ ಆಗಬಹುದು ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿ 1985ರಲ್ಲೇ ಹೇಳಿದೆ. ಥರ್ಡ್ ಪಾರ್ಟಿ ಕಾನೂನಿನ ಕಡ್ಡಾಯ, ಅದರಾಚೆಯದ್ದು ಆಯ್ಕೆ. ಆ ಆಯ್ಕೆಯನ್ನು ಉಸ್ತಾದರಲ್ಲಿ ಕೇಳಿ ಮಾಡಲಿ. ಆದರೆ ಬೇಡ ಎಂದು ತೀರ್ಮಾನಿಸಿದವರು ಉಳಿದ ಪ್ರೀಮಿಯಂ ಹಣವನ್ನು ಪ್ರತಿ ವರ್ಷ ಬೇರೆಯೇ ತೆಗೆದಿಡಬೇಕು. ಹಾಗೆ ಮಾಡದೆ ಬರೇ ಥರ್ಡ್ ಪಾರ್ಟಿ ಹಾಕುವುದು ತವಕ್ಕುಲ್ ಅಲ್ಲ, ಅಜಾಗ್ರತೆ.

ಒಟ್ಟು ಲೆಕ್ಕ ಸರಳ. ಲೋನ್ ಇರುವ, ಐದು ವರ್ಷದೊಳಗಿನ ಕಾರಿಗೆ ಫುಲ್ ಜೊತೆಗೆ ಝೀರೋ ಡೆಪ್. ಅದಕ್ಕಿಂತ ಹಳೆಯದಾದರೂ ಕುಟುಂಬ ಓಡಾಡುವ ಕಾರಿಗೆ ಫುಲ್, ಸರಿಯಾದ ಐಡಿವಿ. ನಾಳೆ ಗುಜರಿಗೆ ಹೋದರೂ ಚಿಂತೆಯಿಲ್ಲ ಎನ್ನುವ ಗಾಡಿಗೆ ಥರ್ಡ್ ಪಾರ್ಟಿ, ಅದರೊಟ್ಟಿಗೆ ಪ್ರಯಾಣಿಕರ ಅಪಘಾತ ರಕ್ಷಣೆ ಸೇರಿಸಬಹುದಾ ಎಂದು ಏಜೆಂಟರಲ್ಲಿ ಒಂದು ಮಾತು. ಎಷ್ಟು ಪ್ರೀಮಿಯಂ ಎಂದು ಕೇಳುವ ಮೊದಲು, ಎಷ್ಟು ನಷ್ಟವನ್ನು ಮನೆ ತಡೆದೀತು ಎಂದು ಕೇಳಿಕೊಳ್ಳಬೇಕು.