ಇಳಿಯುವ ವಿಮಾನಕ್ಕೆ ಎದುರಾಗುವ ಹಕ್ಕಿ

ದೂರದ ಊರುಗಳಲ್ಲಿರುವ ಮಕ್ಕಳು ಮೊಮ್ಮಕ್ಕಳನ್ನು ಕಾಣಲೆಂದು ವಿಮಾನವೇರುವ ಹಿರಿಯರು ಇಂದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಮೇಲೇರುವಾಗ ದೇವರನ್ನು ನೆನೆದು ಕಣ್ಮುಚ್ಚುವವರು, ಇಳಿಯುವ ಹೊತ್ತಿಗೆ ಊರು ಬಂತೆಂದು ನಿಶ್ಚಿಂತರಾಗುವುದನ್ನು ನಾವು ಕಂಡಿದ್ದೇವೆ. ಚಾಲಕನಿಗಾದರೋ ಅದು ನಿಶ್ಚಿಂತೆಯ ಗಳಿಗೆಯಲ್ಲ. ಹಕ್ಕಿಗಳು ವಿಮಾನಕ್ಕೆ ಬಡಿಯುವ ಪ್ರಸಂಗಗಳಲ್ಲಿ ಬಹುಪಾಲು ನೆಲದಿಂದ ಮೂರು ನಾಲ್ಕು ಸಾವಿರ ಅಡಿಗಳೊಳಗೆ, ಅಂದರೆ ಏರುವಾಗ ಇಲ್ಲವೆ ಇಳಿಯುವಾಗಲೇ ಸಂಭವಿಸುತ್ತವೆ.

ಹಕ್ಕಿ ಕಂಡೊಡನೆ ಪಕ್ಕಕ್ಕೆ ತಿರುಗಿಸಬಾರದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಇಳಿಯುವ ವಿಮಾನವೆಂದರೆ ಚಕ್ರಗಳನ್ನು ಹೊರಚಾಚಿ, ವೇಗವನ್ನು ತಗ್ಗಿಸಿ, ಇಂಜಿನ್ನುಗಳ ಶಕ್ತಿಯನ್ನು ಇಳಿಸಿ, ರನ್‌ವೇಯ ಕಡೆಗೆ ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ ಜಾರಿಬರುವ ಭಾರಿ ದೇಹ. ವೇಗ ತಗ್ಗಿತೆಂದರೂ ಅದು ಗಂಟೆಗೆ 250 ಕಿಲೋಮೀಟರಿನಷ್ಟು. ಇನ್ನೂರು ಮೀಟರ್ ಮುಂದೆ ಹಕ್ಕಿ ಕಂಡರೆ ಉಳಿದಿರುವುದು ಮೂರು ಸೆಕೆಂಡು. ನೆಲದ ಸಮೀಪದಲ್ಲಿ ಹಠಾತ್ತಾಗಿ ಹೊರಳಿಸಿದರೆ ಹಕ್ಕಿಯಿಂದಾಗುವ ಕೇಡಿಗಿಂತ ದೊಡ್ಡ ಕೇಡು ಆದೀತು. ಎದುರಿನ ವಿಮಾನವನ್ನು ತೋರಿಸಿ ಎಚ್ಚರಿಸುವ ಯಂತ್ರ ಇದೆಯಾದರೂ, ಅದು ನಂಬುವುದು ಆ ವಿಮಾನದಿಂದ ಬರುವ ಸಂಕೇತವನ್ನು. ಹದ್ದಿನ ಕೊರಳಿಗೆ ಅಂಥ ಸಂಕೇತಯಂತ್ರವನ್ನು ಕಟ್ಟುವವರು ಯಾರು?

ಹಾಗಾದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದರೆ? ಇಲ್ಲಿಯೇ ವಿಷಯದ ತಿರುಳಿರುವುದು. 2008ರ ನವೆಂಬರ್ 10ರಂದು ರೋಮ್ ನಗರದ ಚಾಂಪಿನೋ ನಿಲ್ದಾಣದಲ್ಲಿ ರಯನ್‌ಏರ್ ಸಂಸ್ಥೆಯ ಬೋಯಿಂಗ್ 737 ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ, ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳ ದೊಡ್ಡ ಹಿಂಡು ಅದಕ್ಕೆ ಎದುರಾಯಿತು. ಚಾಲಕರು ಮತ್ತೆ ಮೇಲೇರಲು ಇಂಜಿನ್ನುಗಳಿಗೆ ಪೂರ್ಣ ಶಕ್ತಿಯನ್ನು ಕೊಟ್ಟರು. ಹಕ್ಕಿಗಳನ್ನು ನುಂಗಿದ ಎರಡೂ ಇಂಜಿನ್ನುಗಳು ಉಸಿರು ಕಟ್ಟಿದಂತಾಗಿ ಶಕ್ತಿ ಕಳೆದುಕೊಂಡವು. ವಿಮಾನ ರನ್‌ವೇಯ ಮೇಲೆ ಬಿರುಸಾಗಿ ಅಪ್ಪಳಿಸಿ, ಎಡಗಡೆಯ ಚಕ್ರದ ಕಾಲು ಮುರಿಯಿತು. ಒಬ್ಬರೂ ಸಾಯಲಿಲ್ಲವೆಂಬುದು ದೊಡ್ಡ ಮಾತು. ಆ ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಅಡ್ಡಿ ಎದುರಾದರೆ ಮೇಲೇರುವುದು ಉಳಿದೆಲ್ಲ ಸಂದರ್ಭಗಳಲ್ಲಿ ಚಾಲಕನಿಗೆ ಕಲಿಸುವ ಮೊದಲ ಪಾಠ. ನೆಲದ ಸನಿಹದಲ್ಲಿ ಹಕ್ಕಿಹಿಂಡು ಎದುರಾದಾಗ ಮಾತ್ರ ಪಾಠ ತಿರುವುಮುರುವಾಗುತ್ತದೆ. ತಗ್ಗಿದ ಶಕ್ತಿಯಲ್ಲಿ ಸಾಗುವ ಇಂಜಿನ್ ಹಕ್ಕಿಯ ಪೆಟ್ಟನ್ನು ತಾಳಿಕೊಳ್ಳುವ ಸಂಭವ ಹೆಚ್ಚು. ಗಾಯಗೊಂಡ ಇಂಜಿನ್ನಿಗೆ ಪೂರ್ಣ ಶಕ್ತಿ ಕೊಡೆಂದರೆ ಅದು ಕೈಬಿಡಬಹುದು. ಆದ್ದರಿಂದ ಹಿಂಡಿನ ನಡುವೆಯೇ ಹಾದು ಇಳಿದುಬಿಡುವುದು ಮೇಲೆಂಬುದು ವಿಮಾನ ತಯಾರಕರ ಸಲಹೆ. ಹೆದರಿದ ಕೈ ಶಕ್ತಿಯ ಸನ್ನೆಯನ್ನು ಮುಂದಕ್ಕೆ ತಳ್ಳಲು ಹವಣಿಸುವಾಗ ಅದನ್ನು ತಡೆದು ಹಿಡಿಯುವುದು ಎಂಥ ಸಂಯಮ ಬೇಡುವ ಕೆಲಸವೆಂದು ನಾವು ಬೆರಗಾಗುತ್ತೇವೆ.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್ ನಿಲ್ದಾಣದಲ್ಲಿ ನಡೆದದ್ದು ಘೋರ. ನಿಯಂತ್ರಣ ಗೋಪುರ ಹಕ್ಕಿಗಳ ಎಚ್ಚರಿಕೆ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಜೇಜು ಏರ್ ವಿಮಾನಕ್ಕೆ ಹಕ್ಕಿಗಳು ಬಡಿದವು. ಎರಡೂ ಇಂಜಿನ್ನುಗಳಲ್ಲಿ ವಲಸೆ ಬಾತುಗಳ ಗರಿ, ರಕ್ತ ದೊರೆತವು. ಇಳಿಯುವುದನ್ನು ಕೈಬಿಟ್ಟು ಮೇಲೇರಿದ ವಿಮಾನ ತಿರುಗಿ ಬಂದು, ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಜಾರುತ್ತ, ರನ್‌ವೇಯಾಚೆಯ ಕಾಂಕ್ರೀಟು ತುಂಬಿದ ದಿಬ್ಬಕ್ಕೆ ಅಪ್ಪಳಿಸಿತು. 181 ಮಂದಿಯಲ್ಲಿ ಬದುಕುಳಿದವರು ಇಬ್ಬರು. ಇಲ್ಲಿ ಯಾರ ಹೊಣೆ ಎಷ್ಟೆಂದು ತೂಗುವುದು ತನಿಖೆಯವರ ಕೆಲಸ, ನಮ್ಮದಲ್ಲ.

ಚಾಲಕನ ಕೈಯಲ್ಲಿರುವುದು ಇಷ್ಟು ಅಲ್ಪವೆಂದ ಮೇಲೆ, ಹಕ್ಕಿಯನ್ನು ದೂರವಿಡುವ ಕೆಲಸ ನೆಲದ ಮೇಲೆಯೇ ಆಗಬೇಕು. ನಮ್ಮ ದೇಶದ 1937ರ ವಿಮಾನ ನಿಯಮಾವಳಿಯ 91ನೆಯ ನಿಯಮ, ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಪ್ರಾಣಿವಧೆಯನ್ನೂ ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದನ್ನೂ ನಿಷೇಧಿಸಿತು. ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗಲೆಲ್ಲ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುವುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. 2025ರಲ್ಲಿ ಆ ಎಲ್ಲೆಯನ್ನು ಹದಿಮೂರು ಕಿಲೋಮೀಟರಿಗೆ ವಿಸ್ತರಿಸಲಾಗಿತ್ತು. ಅದನ್ನೋದಿ, ಇದು ಮಾಂಸಾಹಾರಿಗಳ ಪಾಡು, ನಮಗೇನು ಎಂದುಕೊಳ್ಳುವ ಬಂಧುಗಳು ಇಲ್ಲದಿಲ್ಲ. ಮದುವೆಯ ಊಟದ ಎಲೆಗಳನ್ನು, ಜಾತ್ರೆಯಲ್ಲಿ ಉಳಿದ ಅನ್ನವನ್ನು ಊರ ಹೊರಗಿನ ಬಯಲಿಗೆ ಸುರಿದರೆ ಕಾಗೆ, ಪಾರಿವಾಳಗಳು ಅಲ್ಲಿಗೆ ಬರುತ್ತವೆ, ಇಲಿ ಹೆಗ್ಗಣಗಳೂ ಸೇರುತ್ತವೆ, ಇಲಿಗಳಿಗಾಗಿ ಹದ್ದು ಬರುತ್ತದೆ. ಸಾಂಬ್ರಾ, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗಗಳ ನಿಲ್ದಾಣಗಳ ಬಳಿ ಕಲ್ಯಾಣಮಂಟಪ ನಡೆಸುವವರು ಇದನ್ನು ಗಮನಿಸಬೇಕು.

ಹತ್ತು ಕಿಲೋಮೀಟರಿನ ಲೆಕ್ಕ ಸುಮ್ಮನೆ ಬಂದದ್ದಲ್ಲವೆಂದು ನಮಗೆ ತೋರುತ್ತದೆ. ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುವ ವಿಮಾನ ರನ್‌ವೇಯಿಂದ ಅಷ್ಟು ದೂರದಲ್ಲಿರುವಾಗ ಅದರ ಎತ್ತರ ಸುಮಾರು 1,700 ಅಡಿ. ಬಿಸಿಲೇರಿದ ಮೇಲೆ ತಿಪ್ಪೆಯ ಮೇಲಿನ ಬಿಸಿಗಾಳಿಯನ್ನು ಹಿಡಿದ ಹದ್ದು ರೆಕ್ಕೆ ಬಡಿಯದೆಯೇ ಅಷ್ಟು ಎತ್ತರಕ್ಕೆ ಏರಬಲ್ಲದು.